ಗುವಾಹಟಿಗೆ ಬಿಸಿ ನುಚ್ಚು

ನಾನು ನಿಂತಿದ್ದದ್ದು ಪುಣೆಯ ಲೋಹಗಾಂವ್ ವಿಮಾನ ನಿಲ್ದಾಣದಲ್ಲಿ, ಸಾಮಾನು ತಪಾಸಣೆಯ ಯಂತ್ರದ ಪಕ್ಕ, ನಮ್ಮ ಅತ್ತಿಯ ಬೆನ್ನಹಿಂದೆ. ಹೋದ ವರ್ಷ ಶ್ರಾವಣದ ಒಂದು ಮುಂಜಾನೆ. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ: ಮುಂದಿನದನ್ನು ನಮ್ಮ ಮನೆಯವರೇ ನಂಬುವುದಿಲ್ಲ.

ಅತ್ತಿ, ಅಂದರೆ ನಮ್ಮಪ್ಪನ ಅಕ್ಕ, ಕಿಲೋಮೀಟರನ್ನು ಒಪ್ಪದ ಹೆಂಗಸು. ಧಾರವಾಡದಿಂದ ಮದುವೆಯಾಗಿ ಪುಣೆಯ ನಿಗಡಿಗೆ ಬಂದವರು. ಅವರಿಗೆ ದೂರವೆಂದರೆ ಬುತ್ತಿ ಕೆಡದೆ ಹೋಗುವಷ್ಟು ದಾರಿ. ಪಕ್ಕದ ತಾಲ್ಲೂಕು ಭೋರ್ ಉಪ್ಪಿಟ್ಟಿನ ದೂರ. ಧಾರವಾಡ ಚಪಾತಿಯ ದೂರ. ದಿಲ್ಲಿ ಕಡಕ್ ರೊಟ್ಟಿಯ ದೂರ. ತಂಗಿ ಇರುವ ಗುವಾಹಟಿಯೋ, ಉಪ್ಪಿನಕಾಯಿಯ ದೂರ. ಅಲ್ಲಿಗೆ ಬೇರೇನೂ ಮುಟ್ಟುವುದಿಲ್ಲ.

ಆ ತಂಗಿ, ನಮ್ಮ ಸಣ್ಣತ್ತಿ, ಹಾಸಿಗೆ ಹಿಡಿದು ಊಟ ಬಿಟ್ಟಿದ್ದರು. ಏನು ಬೇಕೆಂದು ಫೋನಿನಲ್ಲಿ ಕೇಳಿದರೆ, "ನಿನ್ನ ಕೈಯಾಂದು ಬಿಸಿ ಜೋಳದ ನುಚ್ಚು" ಅಂದರಂತೆ.

"ಅಷ್ಟ ದೂರ ಬಿಸೀದು ಹ್ಯಾಂಗ ಮುಟ್ಟಸ್ಲೋ?" ಎಂದು ಅತ್ತಿ ಕಣ್ಣೊರೆಸಿಕೊಂಡರು.

"ವಿಮಾನದಾಗ ಮೂರ ತಾಸ ಅದರಿ, ಅತ್ತಿ."

"ಮೂರ ತಾಸಂದ್ರ ಬಸ್ಸಿನ್ಯಾಗ ಸಾತಾರಾಕ್ಕ ಹೋದಷ್ಟ. ಬಾಜೂಕ ಬಂತಲ್ಲೋ."

"ನಿಗಡಿಯಿಂದ ಏರ್‌ಪೋರ್ಟಿಗೆ ಹೋಗೋದು, ಅಲ್ಲಿ ಕಾಯೋದು..."

"ಅದು ಪುಣೆ ಟ್ರಾಫಿಕ್ಕಿನ ದೂರ. ಗುವಾಹಟಿ ಮ್ಯಾಲ ಯಾಕ ಹೇರ್ತಿ?"

ಹೀಗೆ ಎಂದೂ ವಿಮಾನ ಹತ್ತದ ಅತ್ತಿ, ಹಳೆಯ ಕೌದಿಯಲ್ಲಿ ಸುತ್ತಿದ ಬಿಸಿ ನುಚ್ಚಿನ ಡಬ್ಬಿಯನ್ನು ಎದೆಗವಚಿಕೊಂಡು ಆ ಮುಂಜಾನೆ ತಪಾಸಣೆಯ ಸಾಲಿನಲ್ಲಿ ನಿಂತಿದ್ದರು. ಯಂತ್ರದಿಂದ ಹೊರಬಂದ ಗಂಟನ್ನು ಬಿಚ್ಚಲು ತಪಾಸಣೆಯ ಹುಡುಗಿ ಕೈ ಹಾಕಿದಳು. ಅತ್ತಿ ಮರಾಠಿಯಲ್ಲೇ ಬೇಡಿಕೊಂಡರು: ಮುಚ್ಚಳ ತೆಗೆಯಬೇಡವ್ವಾ, ಗುವಾಹಟಿ ದೂರ ಆಗ್ತದೆ.

ಹುಡುಗಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಆಕೆ ಕೌದಿಯ ಮೇಲೆ ಅಂಗೈ ಊರಿ, "ಗರಮ್ ಆಹೆ, ಆಜಿ. ಜಾ ಲವ್‌ಕರ್," ಬಿಸಿ ಅದೆ ಅಜ್ಜಿ, ಲಗೂನ ಹೋಗು, ಎಂದು ಬಿಟ್ಟುಬಿಟ್ಟಳು.

ಹೊರಗೆ ಮೈನಸ್ ಐವತ್ತು ಡಿಗ್ರಿ ಚಳಿ ಎಂದು ಪೈಲಟ್ ಹೇಳಿದಾಗ ಅತ್ತಿ ಸೆರಗನ್ನು ಹೊದಿಸಿದರು, ತಮಗಲ್ಲ, ಡಬ್ಬಿಗೆ. ಇಳಿಯುವ ಮುನ್ನ ಕೆಳಗೆ ಬ್ರಹ್ಮಪುತ್ರ ಕಂಡಿತು, ಆಚೆಯ ದಡವೇ ಕಾಣದಂತೆ. ಅತ್ತಿ ಬಹಳ ಹೊತ್ತು ನೋಡಿದರು. "ಎಷ್ಟ ನದಿ ದಾಟಿದ್ವೋ," ಎಂದರು ಮೆಲ್ಲಗೆ, "ಒಂದ ಕೌದಿ ಕಾವಿನಾಗ."

ಸಣ್ಣತ್ತಿಯ ಮಂಚದ ಬದಿಗೆ ಕುಳಿತು ಅತ್ತಿ ಮುಚ್ಚಳ ತೆಗೆದರು. ನಾನು ಕಾಲುದೆಸೆಯಲ್ಲಿ ನಿಂತಿದ್ದೆ. ಹಬೆ ಎದ್ದಿತು. ತೆಳ್ಳಗೆ, ಆದರೆ ಎದ್ದಿತು. ಬಗ್ಗಿ ನೋಡಿದ ಸಣ್ಣತ್ತಿಯ ಕನ್ನಡಕ ಮಸುಕಾಯಿತು. ವಾರದಿಂದ ಊಟಕ್ಕೆ ಬಾಯಿ ತೆರೆಯದವರು ಒಂದು ಚಮಚ ನುಂಗಿದರು. ಇನ್ನೊಂದು ನುಂಗಿದರು.

"ಉಪ್ಪ ಕಡಿಮಿ ಆಗ್ಯದ, ಅಕ್ಕಾ."

"ಆಗ್ಲೇಳ," ಎನ್ನುತ್ತ ಅತ್ತಿ ಮತ್ತೊಂದು ಚಮಚ ತುಂಬಿದರು. "ಬೈಕೋತ ಉಣ್ಣು."

ಬೈಯುತ್ತಲೇ ಬಟ್ಟಲು ಮುಗಿಸಿದರು. ಸಣ್ಣತ್ತಿ ಆ ದೀಪಾವಳಿ ಕಾಣಲಿಲ್ಲ. ಹಬೆ ಎದ್ದದ್ದನ್ನು ಕಂಡು ಈಗಲೂ ಇರುವವರು ನಾನು, ಬಾಗಿಲಲ್ಲಿ ನಿಂತಿದ್ದ ಅವರ ಅಸ್ಸಾಮಿ ಸೊಸೆ ರೀತಾ, ಮತ್ತು ನಮ್ಮ ಅತ್ತಿ. ಅತ್ತಿಯನ್ನು ಮಾತ್ರ ಕೇಳಬೇಡಿ, ಅಳುತ್ತಾರೆ.