ಖಾಲಿ ಚೀಲದ ವಾಯುಸೇವನೆ

ಶಿರಸಿಯಲ್ಲಿ ಕಾರಣವಿಲ್ಲದೆ ಜಗಳವಾಡಬಹುದು, ಕಾರಣವಿಲ್ಲದೆ ಇನ್ನೊಬ್ಬರ ಮನೆಯಲ್ಲಿ ಊಟಕ್ಕೂ ಕೂರಬಹುದು. ಕಾರಣವಿಲ್ಲದೆ ನಡೆಯಲು ಮಾತ್ರ ಸಾಧ್ಯವಿಲ್ಲ. ಎದುರು ಸಿಕ್ಕವರು "ಎಲ್ಲಿಗೆ ಹೊಂಟಿದ್ದು?" ಎಂದು ಕೇಳಿಯೇ ಕೇಳುತ್ತಾರೆ. ಅದು ಕುತೂಹಲವಲ್ಲ, ಮರ್ಯಾದೆ; ಕೇಳದೆ ಹೋದರೆ ನಮಗೇ ಬೇಸರ. ಬಸ್ಸಿಗೆ, ಕೋರ್ಟಿಗೆ, ಕ್ಷೌರಕ್ಕೆ, ಯಾವ ಉತ್ತರವಾದರೂ ಆದೀತು. "ಎಲ್ಲಿಗೂ ಇಲ್ಲೆ, ಸುಮ್ನೆ" ಎಂದಿರೋ, ಕೇಳಿದವರು ನಿಂತುಬಿಡುತ್ತಾರೆ. ನಿಮ್ಮನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಮನೇಲೆಲ್ಲ ಆರಾಮಿದ್ದ ಅಲ್ದ?" ಎಂದು ದನಿ ತಗ್ಗಿಸುತ್ತಾರೆ.

ಇದೆಲ್ಲ ಗೊತ್ತಿದ್ದೂ ನಾನು ನಡೆಯಲು ಹೊರಟದ್ದು ಹೊಟ್ಟೆಯ ದೆಸೆಯಿಂದ. ನಾನು ಸ್ವಭಾವತಃ ಚಿಂತೆಗಾರ. ನಮ್ಮ ತಾಲ್ಲೂಕು ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದಾಗ, ಅದು ನಡುದಾರಿಯಲ್ಲಿ ಎಲ್ಲಾದರೂ ತಪ್ಪಿಹೋದರೆ ಏನು ಗತಿ ಎಂದು ನಿದ್ದೆಗೆಟ್ಟವನು. ಚಿಂತೆ ಹೊಟ್ಟೆಗಿಳಿದು ಉರಿಯತೊಡಗಿದಾಗ ಡಾಕ್ಟರ ಬಳಿ ಹೋದೆ. ಅವರು ಹಾವೇರಿ ಕಡೆಯವರು. "ಹೊಟ್ಯಾಗ ಏನೂ ಇಲ್ರಿ, ಎಲ್ಲಾ ತಲ್ಯಾಗೈತಿ. ದಿನಾ ಸಂಜಿಮುಂದ ಪಾರ್ಕಿಗೆ ಹೋಗ್ರಿ. ಉಸಿರು ಜಗ್ಗಿ ತಗೊಂಡು ಹಾ ಅಂತ ಬಿಡ್ರಿ" ಎಂದರು.

ಊರಿನ ಕೆರೆಯ ಪಕ್ಕ ಆಗಷ್ಟೇ ಒಂದು ಪಾರ್ಕು ಎದ್ದಿತ್ತು: ಮೂರು ಸಿಮೆಂಟಿನ ಬೆಂಚು, ಒಂದು ಸಾಲು ಕ್ರೋಟನ್ ಗಿಡ. "ಯಾವ ದಿಕ್ಕಿಗೆ ನೋಡಿದ್ರೂ ಕಾಡೇ ಇದ್ದು. ಗಿಡ ನೋಡಲೆ ಅಲ್ಲಿಗೆ ಹೋಗವಾ?" ಎಂದು ಹೆಂಡತಿ ಕೇಳಿದಳು. ಆದರೂ ಹೋದೆ. ದಾರಿಯ ಪ್ರಶ್ನೆಗಳಿಂದ ಪಾರಾಗಲು ಕೈಯಲ್ಲೊಂದು ಬಟ್ಟೆಯ ಚೀಲ ಹಿಡಿದೆ. ಚೀಲ ಹಿಡಿದವನು ಪೇಟೆಗೆ ಹೊರಟವನು, ಯಾರೂ ಕೆದಕುವುದಿಲ್ಲ. ಬೆಂಚಿನ ಮೇಲೆ ಕೂತು ಕ್ರೋಟನ್ನಿಗೆ ಎದುರಾಗಿ "ಹಾ" ಎಂದು ಉಸಿರು ಬಿಡುತ್ತಿದ್ದರೆ ಹೊಟ್ಟೆ ನಿಜಕ್ಕೂ ತಣ್ಣಗಾಗುತ್ತಿತ್ತು. ಕೆರೆಯ ಮೇಲಿನ ಗಾಳಿ, ಕೊಕ್ಕರೆಗಳು, ಏನೂ ಮಾಡಬೇಕಾಗಿಲ್ಲದ ಒಂದು ಗಂಟೆ. ಇಷ್ಟು ವರ್ಷ ಇದನ್ನು ಬಿಟ್ಟು ಬದುಕಿದ್ದಾದರೂ ಹೇಗೆ ಎನಿಸಿತು.

ಆಗಲೇ ಮಗಳು ಸಾವಿತ್ರಿಗೆ ಸಿದ್ದಾಪುರದ ಕಡೆಯ ಸಂಬಂಧವೊಂದು ಕುದುರುತ್ತಿತ್ತು. ಹುಡುಗ ಬಂದು ನೋಡಿ ಒಪ್ಪಿದ್ದ, ಜಾತಕ ಕೂಡಿತ್ತು. ಹುಡುಗನ ತಂದೆಯ ಒಪ್ಪಿಗೆಯೊಂದು ಬಾಕಿ. ಅವರನ್ನು ನಾವಿನ್ನೂ ಕಂಡಿರಲಿಲ್ಲ. ಒಂದು ದಿನ ಪಕ್ಕದ ಮನೆಯ ಗಣಪತಿ ಭಾವ ಬಂದು ಜಗುಲಿಯಲ್ಲಿ ಕೂತ. "ಭಾವಾ, ಬೇಜಾರು ಮಾಡ್ಕ್ಯಳಡ. ಸಿದ್ದಾಪುರದ ಬಸ್ಸಿನಲ್ಲಿ ನಿನ್ನದೇ ಸುದ್ದಿ. ಖಾಲಿ ಚೀಲ ತಗಂಡು ಹೋಗ್ತ, ಗಿಡದ ಹತ್ರ ಮಾತಾಡ್ತ, ಖಾಲಿ ಚೀಲ ತಗಂಡು ವಾಪಸ್ ಬತ್ತ ಹೇಳಿ."

ಚೀಲಕ್ಕೆ ಬರುವಾಗ ಏನಾದರೂ ತುಂಬಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ. ಹೆಂಡತಿಯ ಪರವಾಗಿ ಅಡುಗೆಮನೆಯ ಪಾತ್ರೆಗಳು ಮಾತಾಡಿದವು. ಪಾರ್ಕು ಬಿಟ್ಟೆ. ಹೊಟ್ಟೆ ಮತ್ತೆ ಉರಿಯಿತು. ವಾರ ಕಳೆಯುವಷ್ಟರಲ್ಲಿ ತಡೆಯಲಾರದೆ, ಇದೊಂದು ಸಲ ಎಂದುಕೊಂಡು, ಅಭ್ಯಾಸಬಲದಿಂದ ಚೀಲವನ್ನೂ ಹಿಡಿದು ಹೋದೆ.

ನನ್ನ ಬೆಂಚಿನಲ್ಲಿ ಕರಿಟೋಪಿಯ ಹಿರಿಯರೊಬ್ಬರು ಕೊಡೆ ಊರಿಕೊಂಡು ಕೂತಿದ್ದರು. ಪಕ್ಕ ಸರಿದು ಜಾಗ ಕೊಟ್ಟರು. "ಇಲ್ಲಿ ಒಬ್ರು ದಿನಾ ಗಿಡದ ಹತ್ರ ಮಾತಾಡ್ತ್ವಡ. ನಿಂಗ ನೋಡಿದ್ರಾ?"

"ಎಂತಕ್ಕೆ ಕೇಳಿದ್ದು?"

"ಅವರ ಮಗಳನ್ನ ಯನ್ನ ಮಗಂಗೆ ತಂದ್ಕಂಬಲೆ ಮಾತಾಗ್ತಾ ಇದ್ದು."

ಬೆಂಚು ಗಟ್ಟಿ ಸಿಮೆಂಟಿನದು, ಆದರೂ ಅಲುಗಿದಂತಾಯಿತು. ಎದ್ದು ಓಡಲೇ? ಸಾವಿತ್ರಿಯ ಮುಖ ಕಣ್ಣಿಗೆ ಬಂತು. "ಮಾತಲ್ಲ, ಉಸಿರು" ಎಂದೆ. "ಡಾಕ್ಟರ್ರು ಹೇಳಿದ್ದಡ. ಮನುಷ್ಯ ಚೊಲೋನೇಯ, ಚಿಂತೆ ಒಂದು ಸ್ವಲ್ಪ ಜಾಸ್ತಿ. ಮಗಳು ಅಪ್ಪನ ಹಾಂಗಲ್ಲ, ಆಯಿ ಹಾಂಗೆ. ಭಾರೀ ಧೈರ್ಯ."

"ಉಸಿರು ಹೆಂಗೆ ಬಿಡದು?"

ತೋರಿಸಿದೆ. ಅವರೂ ಎದೆಯುಬ್ಬಿಸಿ "ಹಾ" ಎಂದರು. ಮತ್ತೊಮ್ಮೆ ಎಂದರು. ಕರು ಹೊಡೆದುಕೊಂಡು ಹೋಗುತ್ತಿದ್ದ ಹೆಂಗಸು ನಮ್ಮಿಬ್ಬರನ್ನೂ ನೋಡಿ ದಾರಿ ಬದಲಿಸಿದಳು. ಕತ್ತಲಾಗುವವರೆಗೆ ಕೂತೆವು. ನಾನು ಏಳುವಾಗ, ಹೆಸರು ಹೇಳಿರದಿದ್ದರೂ, ಅವರು ಹಿಂದಿನಿಂದ ಹೆಸರು ಹಿಡಿದೇ ಕರೆದರು. "ಹೆಗಡೇರೇ, ಚೀಲ ಮರ್ತಿಕ್ಕಿ ಹೋಗಡಿ. ನಿಂಗಳ ಗುರ್ತು ಹೇಳಿದವು ಅದೊಂದನ್ನೇ ಹೇಳಿದ್ದು." ಚೀಲ ಕೈಗಿತ್ತು, "ಲಗ್ನದ ಮಾತಿಗೆ ನಾಳೆ ಮನಿಗೇ ಬತ್ತಿ" ಎಂದರು.

ಮದುವೆ ಚೆನ್ನಾಗಿಯೇ ಆಯಿತು. ಈಗ ಬೀಗರು ಸಂತೆಯ ದಿನ ಬಸ್ಸಿಳಿದವರೇ ನನ್ನನ್ನು ಪಾರ್ಕಿಗೆ ಎಬ್ಬಿಸಿಕೊಂಡು ಹೋಗುತ್ತಾರೆ. "ಎಲ್ಲಿಗೆ ಹೊಂಟಿದ್ದು?" ಎಂದವರಿಗೆ "ಬೀಗರ ಜೊತಿಗೆ" ಎಂದರೆ ಸಾಕು, ಊರೇ ತಲೆಯಾಡಿಸುತ್ತದೆ. ಚೀಲವನ್ನು ಗೂಟಕ್ಕೆ ಹಾಕಿದೆ. ಆದರೆ ಮೊನ್ನೆ ಬೀಗರು ಬರಲಿಲ್ಲ. ಒಬ್ಬನೇ ಹೊರಟೆ. ನಾಲ್ಕು ಹೆಜ್ಜೆಗೆ ಗಣಪತಿ ಭಾವ ಸಿಕ್ಕ. ನನ್ನ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದ: "ಬೀಗರು ಬೈಂದ್ವಿಲ್ಯ? ಎಂತಾರೂ ಮಾತು ಬಂತಾ ಭಾವಾ?"

ಮನೆಗೆ ಹಿಂತಿರುಗಿ ಚೀಲ ತಂದೆ.