ಜೇವರ್ಗಿ ಆಕಾಶದ ಉಸ್ತುವಾರಿ

ಜೇವರ್ಗಿಯಲ್ಲಿ ಶಾಲು ಕಾಣದ ಹೆಗಲು ಎಂದರೆ ದತ್ತಾತ್ರೇಯರಾಯರದೊಂದೇ ಉಳಿದಿತ್ತು. ಬಸ್ ನಿಲ್ದಾಣಕ್ಕೆ ಬೆಂಚು ಮಾಡಿಸಿಕೊಟ್ಟವರಿಗೆ ಶಾಲು ಬಿದ್ದಿತ್ತು, ಆ ಬೆಂಚಿನ ಮೇಲೆ ಕೂತು ಕೂತೇ ನಿವೃತ್ತರಾದವರಿಗೂ ಬಿದ್ದಿತ್ತು. ತೊಗರಿ ವ್ಯಾಪಾರಿ ಬಸವಂತರಾಯರಿಗೆ ಸತ್ಕಾರ ಮಾಡುವುದೆಂದರೆ ಒಂದು ಚಟ. ಬೀಗರ ಕಡೆಯಿಂದ ಬಂದವು, ಸಭೆಗಳಲ್ಲಿ ಸಿಕ್ಕವು, ಎಲ್ಲ ಶಾಲುಗಳನ್ನೂ ಮಡಿಚಿ ಇಟ್ಟುಕೊಂಡು ಯಾರಾದರೂ ಏನಾದರೂ ಸಾಧಿಸಲಿ ಎಂದು ಅವರು ಕಾಯುತ್ತಿದ್ದರು. ರಾಯರ ಮೇಲೆ ಮಾತ್ರ ಅವರ ಕಣ್ಣು ಬಿದ್ದಿರಲಿಲ್ಲ.

ರಾಯರೇನು ಕಡಿಮೆ ಸೇವೆ ಮಾಡಿದವರಲ್ಲ. ಎಪ್ಪತ್ತೆರಡನೇ ಇಸವಿಯಿಂದ ಇಪ್ಪತ್ನಾಲ್ಕು ವರ್ಷ ಟೆಲಿಫೋನ್ ಟ್ರಂಕ್ ಬೋರ್ಡಿನ ಮುಂದೆ ಕೂತು ಊರಿನ ಹುಟ್ಟು, ಸಾವು, ಲಗ್ನ, ತೊಗರಿಯ ಧಾರಣೆ ಎಲ್ಲವನ್ನೂ ತಂತಿಯ ಮೇಲೆ ದಾಟಿಸಿದ ಜೀವ. ಆಮೇಲೆ ತಾನೇ ನಂಬರು ಜೋಡಿಸಿಕೊಳ್ಳುವ ಯಂತ್ರ ಬಂತು. ಉದ್ಘಾಟನೆಯ ದಿನ ಯಂತ್ರಕ್ಕೆ ಕುಂಕುಮ ಹಚ್ಚಿದರು, ಕಾಯಿ ಒಡೆದರು, ಹಾರ ಹಾಕಿದರು. ಕಾಯಿಯ ಚೂರು ಹಂಚುವ ಕೆಲಸ ರಾಯರ ಪಾಲಿಗೆ ಬಂತು. (ಕೊನೆಗೆ ತಮಗೊಂದು ಚೂರು ಉಳಿಯಲಿಲ್ಲ ಎಂಬುದನ್ನು ಅವರು ಯಾರಿಗೂ ಹೇಳಿಲ್ಲ, ಹೆಂಡತಿಗೆ ಮಾತ್ರ ತಿಂಗಳಿಗೆರಡು ಸಲ ಹೇಳುತ್ತಾರೆ.) ಮಾರನೆಯ ದಿನದಿಂದ ಅವರು ದೂರು ವಿಭಾಗದವರಾದರು. ಲೈನ್‌ಮನ್ ನಿಜಾಮುದ್ದೀನನ ಸ್ಕೂಟರಿನ ಹಿಂದೆ ಕೂತು ಅಫಜಲಪುರ, ಹವಳಗಾ, ಆಳಂದ ಎಂದು ಸತ್ತ ಫೋನುಗಳನ್ನು ಹುಡುಕಿಕೊಂಡು ತಿರುಗುವುದೇ ಬದುಕಾಯಿತು.

ಇಂಥ ಹೊತ್ತಿನಲ್ಲಿ ಮನೆಗೆ ಕಂಪ್ಯೂಟರ್ ಬಂತು. ರಾಯರ ಹೆಂಡತಿ ಸುಲಭಾಬಾಯಿಯ ತಮ್ಮ ಹರಿ ಆಳಂದದಲ್ಲಿ ಕಂಪ್ಯೂಟರ್ ಕ್ಲಾಸು ತೆಗೆದಿದ್ದ. ವಿದ್ಯಾರ್ಥಿಗಳು ಮೂವರು, ಅದರಲ್ಲೊಬ್ಬ ಜಾಗದ ಮಾಲಕ. ಕ್ಲಾಸು ಮುಚ್ಚಿದಾಗ ಸಾಮಾನು ಇಡಲು ಅಕ್ಕನ ಮನೆಯೇ ಗತಿಯಾಯಿತು. ಅದರೊಳಗೆ ವಿಮಾನ ಹಾರಿಸುವ ಆಟವೊಂದಿತ್ತು. ಗುಲಬರ್ಗಾಕ್ಕೆ ಇಂಟರ್ನೆಟ್ಟು ಬಂದ ಮೇಲೆ ಆ ಆಟದ ಹಿಂದೆ ದೊಡ್ಡ ಬಳಗವೇ ಇದೆಯೆಂದು ರಾಯರಿಗೆ ತಿಳಿಯಿತು. ದೇಶದೇಶಗಳ ಜನ ತಮ್ಮ ತಮ್ಮ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಸುಳ್ಳು ವಿಮಾನ ಹಾರಿಸುತ್ತಾರೆ. ಅವು ಒಂದಕ್ಕೊಂದು ಗುದ್ದದಂತೆ ನೋಡಿಕೊಳ್ಳಲು ಇನ್ನು ಕೆಲವರು, ಅವರೂ ತಮ್ಮ ಮನೆಯಲ್ಲೇ, ಕಂಟ್ರೋಲ್ ರೂಮಿನವರಾಗಿ ಕೂರುತ್ತಾರೆ. ನೀ ಮುಂದೆ ಹೋಗು, ನೀ ಜರಾ ತಡಿ ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸುತ್ತಾರೆ. ಎಲ್ಲವೂ ಸ್ವಯಂಸೇವೆ. ಹೈದರಾಬಾದಿನಿಂದ ಮುಂಬೈಗೆ ಹೋಗುವ ದಾರಿಯ ಆಕಾಶಕ್ಕೆ ಯಾರೂ ದಿಕ್ಕಿರಲಿಲ್ಲ. ರಾಯರು ಅದನ್ನು ವಹಿಸಿಕೊಂಡರು, ದಿನಾ ಸಂಜೆ ಐದರಿಂದ ಏಳು.

"ಪಗಾರ ಎಷ್ಟು ಕೊಡ್ತಾರಂತ?" ಎಂದರು ಸುಲಭಾಬಾಯಿ.

"ಸೇವಾಕ್ಕ ಪಗಾರ ಇರ್ತದೇನ? ಮ್ಯಾಲೆ ಹಾರೋ ಮಂದಿ ನನ್ನ ನಂಬಿ ಹಾರಾಕತ್ತಾರ."

"ಕೆಳಗಿನ ಮಂದಿನೂ ನಿಮ್ಮನ್ನ ನಂಬೇ ಕುಂತಾರ. ಗಿರಣಿಯಿಂದ ಹಿಟ್ಟು ಇನ್ನಾ ಬಂದಿಲ್ಲ."

ಇಪ್ಪತ್ನಾಲ್ಕು ವರ್ಷದ ಟ್ರಂಕ್ ಬೋರ್ಡು ರಾಯರ ರಕ್ತದಲ್ಲಿತ್ತು. ಅವರು ಟ್ರಂಕ್ ಕಾಲಿಗೆ ಕೊಡುತ್ತಿದ್ದಂತೆಯೇ ಬಂದ ವಿಮಾನಕ್ಕೆಲ್ಲ ಒಂದೊಂದು ಬುಕಿಂಗ್ ನಂಬರು ಕೊಟ್ಟು, ಆರ್ಡಿನರಿಯೋ ಅರ್ಜೆಂಟೋ ಎಂದು ವಿಚಾರಿಸಿ, ಸರತಿ ಬಂದಾಗ ಕರೆಯುತ್ತೇವೆ, ಅಲ್ಲಿಯವರೆಗೆ ಸುತ್ತುತ್ತಿರಿ ಎನ್ನುತ್ತಿದ್ದರು. ಹೀಗೆ ಹೊಳೆ ದಂಡೆಯ ಸೊನ್ನ ಊರಿನ ಮೇಲೆ ಎಷ್ಟೋ ದೇಶದ ವಿಮಾನಗಳು ತಾಸುಗಟ್ಟಲೆ ಗಿರಕಿ ಹೊಡೆದಿವೆ. ಯಾರೂ ಎದುರು ಮಾತಾಡುತ್ತಿರಲಿಲ್ಲ. ಅದು ತಮ್ಮ ಮೇಲಿನ ಗೌರವ ಎಂದು ರಾಯರು ತಿಳಿದಿದ್ದರು.

ಬಳಗದ ನಿಯಮ ಒಂದೇ: ವಹಿಸಿಕೊಂಡ ಹೊತ್ತಿನಲ್ಲಿ ಮೇಜು ಖಾಲಿ ಇರಬಾರದು. ಆದರೆ ಅಫಜಲಪುರದ ಫೋನುಗಳು ಸಾಯಲು ಸಂಜೆಯೇ ಆರಿಸಿಕೊಳ್ಳುತ್ತಿದ್ದವು. ವಾರಕ್ಕೆ ಮೂರು ಸಲ ರಾಯರು ಮನೆ ಸೇರುವಾಗ ಎಂಟು ಹೊಡೆದಿರುತ್ತಿತ್ತು. ಬೇರೆ ದಾರಿಯಿಲ್ಲದೆ ಹೆಂಡತಿಯನ್ನು ಬದಲಿ ಕೂರಿಸಿದರು. ಸುಲಭಾಬಾಯಿ ಮೆಟ್ರಿಕ್ಕಿನಲ್ಲಿ ಇಂಗ್ಲಿಷಿಗೆ ಗಂಡನಿಗಿಂತ ಹನ್ನೊಂದು ಮಾರ್ಕು ಹೆಚ್ಚು ತೆಗೆದವರು. (ಈ ವಿಷಯ ಆ ಮನೆಯಲ್ಲಿ ಚರ್ಚೆಗೆ ಬರುವುದಿಲ್ಲ.)

"ಯಾರನ್ನೂ ಇಳಸಬ್ಯಾಡ, ಏರಸಬ್ಯಾಡ. ನಾ ಬರೋ ತನಕ ಸುತ್ತ ಹಾಕ್ರಿ ಅಂತ ಬರಿ, ಸಾಕು," ಎಂದು ಹೇಳಿಕೊಟ್ಟು ಹೋಗುತ್ತಿದ್ದರು. ಬಂದಮೇಲೆ, "ಯಾರರೆ ಬಂದಿದ್ರೇನ?" ಎಂದರೆ, "ಬಂದಿದ್ರು, ಏಳು ಮಂದಿ. ಹೋದ್ರು," ಎಂಬ ಉತ್ತರ. ಮೇಜಿನ ಮೇಲೆ ಸಾಲಾಗಿ ಸ್ಟೀಲಿನ ಬಟ್ಟಲು ಇರುತ್ತಿದ್ದವು. ಕಾಳು ನೆನೆಯಿಡಲು ತೆಗೆದಿರಬೇಕು ಎಂದುಕೊಂಡು ರಾಯರು ಸುಮ್ಮನಾಗುತ್ತಿದ್ದರು.

ಹೀಗೆ ಎರಡು ವರ್ಷ ಕಳೆಯಿತು. ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಬಳಗದ ಯಜಮಾನ, ಹಾಲೆಂಡಿನ ಮಾಜಿ ಶಾಲಾ ಮಾಸ್ತರ ವಿಲಮ್, ಒಂದು ಪತ್ರ ಕಳಿಸಿದ. ದೀರ್ಘಕಾಲ ಸೇವೆ ಮಾಡಿದ ಸ್ವಯಂಸೇವಕರನ್ನು ಗೌರವಿಸಲು ಬಳಗ ನಿಶ್ಚಯಿಸಿದೆ. (ಎರಡೇ ವರ್ಷಕ್ಕೆ ದೀರ್ಘಕಾಲವೇ ಎಂದು ನಗಬಾರದು. ಆ ಬಳಗ ಹುಟ್ಟಿಯೇ ಎರಡೂವರೆ ವರ್ಷವಾಗಿತ್ತು.) ನಮ್ಮ ದಾರಿಗಳಲ್ಲಿ ಹುಣಸೀಮರದ ತಿರುವು, ಗೌಡರ ಬಾವಿ ಎಂದು ಗುರುತು ಇರುವಂತೆ ಆಕಾಶದ ದಾರಿಗೂ ಗುರುತಿನ ಸ್ಥಳಗಳಿರುತ್ತವೆ. ಅಂಥದೊಂದು ಸ್ಥಳಕ್ಕೆ ಸೇವೆ ಮಾಡಿದವರ ಹೆಸರು. "ನಿಮ್ಮ ಮೇಜು ಆಯ್ಕೆಯಾಗಿದೆ. ಹೆಸರೂ ಅಭಿನಂದನಾ ಪತ್ರವೂ ಬರುವ ರವಿವಾರ ತಲುಪುತ್ತವೆ."

ರಾಯರು ಆ ಪತ್ರವನ್ನು ಒಂಬತ್ತು ಸಲ ಓದಿದರು. ಮೇಜೆಂದರೆ ತಾವೇ ಎನ್ನುವುದರಲ್ಲಿ ಅವರಿಗೆ ಒಂದು ಸಲವೂ ಸಂಶಯ ಬರಲಿಲ್ಲ. ಅಡುಗೆಮನೆಗೆ ಹೋಗಿ, "ಆಕಾಶಕ್ಕ ನನ್ನ ಹೆಸರು ಇಡಾಕತ್ತಾರ," ಎಂದರು. ಸುಲಭಾಬಾಯಿಗೂ ಸಂತೋಷವಾಯಿತು. "ಯಂತ್ರಕ್ಕ ಹಾರ ಹಾಕಿದ ಮಂದಿನ್ನೆಲ್ಲ ಕರೀರಿ. ಜರಾ ನೋಡ್ಲಿ," ಎಂದರು.

ಬಸವಂತರಾಯರಿಗೆ ಸುದ್ದಿ ಮುಟ್ಟಿದ್ದೇ ತಡ, ರವಿವಾರ ಹನ್ನೊಂದಕ್ಕೆ ರಾಯರ ಪಡಸಾಲೆಯಲ್ಲೇ ಸಭೆ ಗೊತ್ತಾಯಿತು. ಮೂವತ್ತು ಕುರ್ಚಿ, ಒಂದು ಹಾರ, ಅಂಚಿಗೆ ಜರಿಯಿದ್ದ ಶಾಲು. ನಿಜಾಮುದ್ದೀನ ಕಂಪ್ಯೂಟರನ್ನು ಪಡಸಾಲೆಗೆ ಹೊತ್ತು ತಂದು ತಂತಿ ಎಳೆದ. ಇಂಟರ್ನೆಟ್ಟಿಗೆ ಫೋನು ತಾಗುವಾಗ ಪೆಟ್ಟಿಗೆಯೊಳಗಿಂದ ಕಿರ್ರೋ ಎಂದು ಸದ್ದು ಹೊರಟಿತು. ಸಭಿಕರಲ್ಲಿ ಇಬ್ಬರು ಕೈಮುಗಿದರು. ಪತ್ರ ತೆರೆಯಿತು. ಬಸವಂತರಾಯರು ಶಾಲು ಬಿಚ್ಚಿ ರಾಯರ ಬೆನ್ನ ಹಿಂದೆ ನಿಂತರು. ಸಭೆಗೆ ಇಂಗ್ಲಿಷ್ ಬಾರದು. ರಾಯರೇ ಓದಿ ಓದಿ ಕನ್ನಡದಲ್ಲಿ ಹೇಳಬೇಕು.

"‘ಎರಡು ವರ್ಷ ಒಂದು ದಿನವೂ ಈ ಮೇಜು ಖಾಲಿ ಬೀಳಲಿಲ್ಲ,’ ಅಂದಾರ," ಎಂದರು ರಾಯರು. ಚಪ್ಪಾಳೆ.

"‘ಬಂದವರನ್ನೆಲ್ಲ ಹೆಸರು ಹಿಡಿದು ಮಾತಾಡಿಸಿ, ಊಟ ಆತೇನು ಅಂತ ಕೇಳಿ...’"

ರಾಯರು ಇಲ್ಲಿ ಸ್ವಲ್ಪ ತಡೆದರು. ಅವರು ಯಾರ ಹೆಸರನ್ನೂ ಕೇಳಿದವರಲ್ಲ, ಬುಕಿಂಗ್ ನಂಬರು ಮಾತ್ರ ಕೇಳುತ್ತಿದ್ದರು. ಮುಂದಿನ ಸಾಲಿಗೆ ಕಣ್ಣು ಹೋಯಿತು. "ಸರ್ ಅಫಜಲಪುರಕ್ಕೆ ಹೋಗುವ ದಿನ ಯಾವಾಗ ಬರುತ್ತದೆ ಎಂದು ನಾವೆಲ್ಲ ಕಾಯುತ್ತಿದ್ದೆವು" ಎಂದು ಅಲ್ಲಿ ಬರೆದಿತ್ತು. ಅದರ ಕೆಳಗೆ ದೊಡ್ಡ ಅಕ್ಷರಗಳಲ್ಲಿ ಹೆಸರಿತ್ತು. ಅದು ಅವರ ಹೆಸರಲ್ಲ.

ಶಾಲಿನ ಜರಿ ಆಗಲೇ ಕತ್ತಿಗೆ ತಾಗುತ್ತಿತ್ತು. ಪತ್ರ ಓದಬಲ್ಲ ಇನ್ನೊಂದು ಜೀವ ಅಡುಗೆಮನೆಯ ಬಾಗಿಲಲ್ಲಿತ್ತು, ಅಲ್ಲಿಗೆ ಕಂಪ್ಯೂಟರಿನ ಪರದೆ ಕಾಣುವುದಿಲ್ಲ. ಒಂದು ಸಾಲು ತಿರುಚಿದರೆ ಯಾರಿಗೂ ಗೊತ್ತಾಗದು.

"‘ಅಫಜಲಪುರದ ಮ್ಯಾಲೆ ಹಾಯುವಾಗೆಲ್ಲ ನಮಗ ಸರ್ ನೆನಪಾಗ್ತಾರ,’ ಅಂತ ಬರದಾರ," ಎಂದುಬಿಟ್ಟರು.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಬಂದದ್ದು ಅಡುಗೆಮನೆಯ ಬಾಗಿಲಿನಿಂದ. ರಾಯರು ತಿರುಗಿ ನೋಡಿದರು. ಸುಲಭಾಬಾಯಿ ಹಿಟ್ಟಿನ ಕೈಯಲ್ಲೇ ತಟ್ಟುತ್ತಿದ್ದರು, ಕಣ್ಣಲ್ಲಿ ನೀರಿತ್ತು. ಆ ಮುಖ ನೋಡಿದ ಮೇಲೆ ರಾಯರಿಗೆ ಮುಂದಿನ ಸುಳ್ಳು ಹೊರಡಲಿಲ್ಲ.

"ತಡೀರಿ. ನಾ ತಪ್ಪು ಓದಿದೆ," ಎಂದು ಅವರು ಮೊದಲಿನಿಂದ ಎಲ್ಲವನ್ನೂ ಇದ್ದಂತೆಯೇ ಓದಿದರು. ಇಂಧನ ಕಡಿಮೆಯಿದ್ದವರನ್ನು ಸುಲಭಾಬಾಯಿ ಮೊದಲು ಇಳಿಸಿದ್ದು, ದಾರಿ ತಪ್ಪಿದ ಹೊಸಬರಿಗೆ ಧೈರ್ಯ ಹೇಳಿದ್ದು, ಕೊನೆಗೆ ಸೊನ್ನದ ಮೇಲಿನ ಆಕಾಶದ ಗುರುತಿಗೆ ‘ಸುಲಭಾ’ ಎಂದು ಹೆಸರಿಟ್ಟದ್ದು. ಸರ್ ಅವರನ್ನೂ ಬಳಗ ಮರೆತಿರಲಿಲ್ಲ. ಗಿರಕಿ ಹೊಡೆಯುವುದರಲ್ಲಿ ನಮ್ಮನ್ನು ನಿಪುಣರನ್ನಾಗಿ ಮಾಡಿದ್ದಕ್ಕೆ ಅವರಿಗೂ ವಂದನೆ ಎಂದಿತ್ತು. ಅದನ್ನೂ ಓದಿದರು.

ಬಸವಂತರಾಯರ ಕೈಯಲ್ಲಿ ಶಾಲು ಹಾಗೆಯೇ ನಿಂತಿತ್ತು. "ನೋಡಪಾ ದತ್ತಾತ್ರೇಯ, ಬಿಚ್ಚಿದ ಶಾಲು ನಾ ಮಡಚಂಗಿಲ್ಲ. ಯಾರಿಗೆ ಹೊದಸಬೇಕು, ಅಷ್ಟು ಹೇಳು," ಎಂದರು.

ರಾಯರು ಬಾಗಿಲಿಗೆ ಹೋಗಿ ಮೆಲ್ಲಗೆ, "ನಡಿ, ಕುರ್ಚಿ ಮ್ಯಾಲೆ ಕೂಡು," ಎಂದರು.

"ನನಗ್ಯಾಕ್ರಿ? ಚಾಕ್ಕ ನೀರು ಇಟ್ಟೇನಿ ಒಳಗ."

"ನಾ ನೋಡ್ಕೋತೇನಿ. ಹೋಗು."

ನೀರು ಕುದಿಯುತ್ತಿತ್ತು. ಅದರಲ್ಲಿ ಚಹಾಪುಡಿಯೂ ಇರಲಿಲ್ಲ, ಸಕ್ಕರೆಯೂ ಇರಲಿಲ್ಲ. ರಾಯರು ಆ ಒಲೆಯ ಮುಂದೆ ನಿಂತದ್ದು ಅದೇ ಮೊದಲು. ಶುಂಠಿ ಹುಡುಕಿ ಜಜ್ಜಿದರು, ಕೈ ಸುಟ್ಟುಕೊಂಡರು, ಹಾಲು ಉಕ್ಕುವುದನ್ನು ಎರಡು ಸಲ ಊದಿ ನಿಲ್ಲಿಸಿದರು. ಹೊರಗೆ ಸುಲಭಾಬಾಯಿ ಮಾತಾಡುವುದು ಕೇಳುತ್ತಿತ್ತು.

"ಇದರಾಗ ಏನು ಮಹಾ ಅದರಿ? ಇಪ್ಪತ್ತು ವರ್ಷ ನಳದ ಮುಂದ ಕೊಡಾ ಸಾಲು ಹಚ್ಚೀನಿ. ವಿಮಾನಕ್ಕೊಂದು ಬಟ್ಟಲಾ ಇಡ್ತಿದ್ದೆ, ಮೊದಲು ಬಂದೋರಿಗೆ ಮೊದಲು. ಮನ್ಯಾಗ ನೀರಿಲ್ಲ ಅಂದೋರಿಗೆ ಎಲ್ಲಾರಕಿಂತ ಮೊದಲು. ಜಗಳ ಯಾಕ ಬರ್ತದ?" ಚಪ್ಪಾಳೆ ಬಹಳ ಹೊತ್ತು ನಡೆಯಿತು. ಒಳಗೆ ರಾಯರೂ ಸವುಟು ಕೆಳಗಿಟ್ಟು ತಟ್ಟಿದರು.

ಮೂವತ್ತು ಕಪ್ ಚಹಾ ತಾಟಿನಲ್ಲಿ ಹೊರಟಿತು. ಬಸವಂತರಾಯರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಇನ್ನೊಂದು ಗುಟುಕಿಗೆ ತಲೆಯಾಡಿಸಿದರು. ಆಮೇಲೆ ಎದ್ದೇ ನಿಂತರು. ಇಷ್ಟು ವರ್ಷದ ಮೇಲೆ ತಮ್ಮ ಕೈಕೆಲಸಕ್ಕೊಂದು ಮಾತು ಬರುತ್ತದೆಂದು ರಾಯರು ತಾಟು ಹಿಡಿದುಕೊಂಡೇ ನೆಟ್ಟಗಾದರು.

"ಇಂಥಾ ಚಾ ನಾ ಹೈದರಾಬಾದಿನ್ಯಾಗೂ ಕುಡದಿಲ್ಲ," ಎಂದರು ಬಸವಂತರಾಯರು ಸುಲಭಾಬಾಯಿಯ ಕಡೆ ತಿರುಗಿ. "ಬಾಯಾರ, ಆಕಾಶಾನೂ ನೋಡ್ತೀರಿ, ಚಾನೂ ಹಿಂಗ ಮಾಡ್ತೀರಿ. ಎರಡು ಕೈಲೆ ಎಷ್ಟು ಮಾಡ್ತೀರಿ?"

ಸಭೆ ಮತ್ತೆ ಚಪ್ಪಾಳೆ ತಟ್ಟಿತು. ಸುಲಭಾಬಾಯಿ ಶಾಲು ಸರಿಮಾಡಿಕೊಂಡು ಒಂದು ಗುಟುಕು ಕುಡಿದರು, ಚೆನ್ನಾಗಿಯೇ ಇತ್ತು. ಗಂಡನ ಮುಖವನ್ನು ಒಮ್ಮೆ ನೋಡಿದರು.

"ದಿನಾ ಮಾಡೂದೇ ಅಲ್ರಿ," ಎಂದರು. "ಇನ್ನೊಂದೊಂದು ಕಪ್ಪು ತಗೋರಿ. ಇವರು ತಂದು ಕೊಡ್ತಾರ."

ರಾಯರು ಖಾಲಿ ತಾಟು ಹಿಡಿದುಕೊಂಡು ಒಳಗೆ ಹೋದರು.