ಗೆಲ್ಲಬೇಕು, ಚೆನ್ನಾಗಿ ಗೆಲ್ಲಬಾರದು

ಆರನೆಯ ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದಾಗ ಫೋನು ಬಂತು. ಅದನ್ನು ಎತ್ತದೆ ಇದ್ದಿದ್ದರೆ ಬಂಡೆ ಆವತ್ತು ಸಂಜೆ ಎದುರಾಳಿಗೆ ನಾಲ್ಕು ಗುದ್ದು ಕೊಟ್ಟು, ಕೈ ತೊಳೆದುಕೊಂಡು, ಎಂದಿನಂತೆ ಊಟದ ಹೊತ್ತಿಗೆ ಮನೆ ಸೇರುತ್ತಿದ್ದ. ಆದರೆ ಎತ್ತಿದ.

ಬಂಡೆ ಎಂಬುದು ಪೋಸ್ಟರಿನವರು ಅವನಿಗೆ ಇಟ್ಟ ಹೆಸರು. ನೂರ ಹದಿನೈದು ಕಿಲೋ ತೂಕ. ಬಾಗಿಲಲ್ಲಿ ಸ್ವಲ್ಪ ಓರೆಯಾಗಿ ನುಗ್ಗಬೇಕಾದ ಭುಜ. ಜಿರಲೆ ಕಂಡರೆ ಮಂಚ ಹತ್ತುವ ಧೈರ್ಯ. ಹದಿನಾರು ವರ್ಷದಿಂದ ಬಾಕ್ಸಿಂಗೇ ಹೊಟ್ಟೆಪಾಡು. ಹೆವಿವೇಯ್ಟ್ ಪಟ್ಟಿಯಲ್ಲಿ ಆರನೆಯ ಸ್ಥಾನಕ್ಕೆ ಬಂದು ಅಲ್ಲೇ ಗೂಟ ಹೊಡೆದಂತೆ ನಿಂತಿದ್ದ. ವರ್ಷದ ಕೊನೆಗೆ ಲೈಸೆನ್ಸು ಮುಗಿಯುತ್ತದೆ, ವಯಸ್ಸಾಯಿತು, ಇನ್ನು ಕೊಡುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಅಷ್ಟರೊಳಗೆ ಒಂದೇ ಒಂದು ಸಲ ಚಾಂಪಿಯನ್ ಎದುರು ನಿಲ್ಲಬೇಕೆಂಬುದು ಅವನ ಆಸೆ. ಗೆದ್ದರೆ ಚಾಂಪಿಯನ್ನನ ಬೆಲ್ಟು. ಸೋತರೂ ‘ಬೆಲ್ಟಿಗೆ ಆಡಿದವನು’ ಎಂಬ ಹೆಸರು. ಆ ಹೆಸರಿದ್ದರೆ ನಾಳೆ ನಾಲ್ಕು ಮಕ್ಕಳಿಗೆ ಗುದ್ದಾಟ ಕಲಿಸಿ ಬದುಕಬಹುದು. ಇಲ್ಲದಿದ್ದರೆ ನೂರ ಹದಿನೈದು ಕಿಲೋ ಸುಮ್ಮನೆ ಮನೆಯಲ್ಲಿ ಕೂರಬೇಕು.

ಫೋನಿನಲ್ಲಿ ಇದ್ದವನು ಭಾಮೈದ, ಹೆಂಡತಿಯ ತಮ್ಮ. ಮೊದಲು ಹಳೇ ಸೋಫಾ ಮಾರುತ್ತಿದ್ದವನು ಈಗ ಭಾವನ ಮ್ಯಾನೇಜರು.

“ಭಾವ, ಕೂತಿದ್ದೀರೋ ನಿಂತಿದ್ದೀರೋ?”

“ಮೊಟ್ಟೆ ಸುಲೀತಿದ್ದೀನಿ.”

“ಹಾಗಾದ್ರೆ ಕೂತಿದ್ದೀರಿ. ಇವತ್ತು ಸಂಜೆ ಚಾಂಪಿಯನ್ ಕಡೆಯವರು ನಿಮ್ಮ ಆಟ ನೋಡೋಕೆ ಬರ್ತಿದ್ದಾರೆ. ಅವರಿಗೆ ಈ ವರ್ಷ ಇನ್ನೊಂದೇ ಆಟ ಬಾಕಿ. ಎದುರಾಳಿ ಹುಡುಕ್ತಿದ್ದಾರೆ!”

ಬಂಡೆಯ ಕೈಯಲ್ಲೇ ಮೊಟ್ಟೆ ಪುಡಿಯಾಯಿತು. “ಹಾಗಾದ್ರೆ ಮೊದಲನೇ ರೌಂಡಲ್ಲೇ ಅವನನ್ನ ಮಲಗಿಸಿಬಿಡ್ತೀನಿ, ನೋಡ್ತಿರು.”

“ಅಯ್ಯೋ ಕೆಟ್ಟಿರಿ! ಅದೊಂದು ಮಾಡ್ಬೇಡಿ!”

“ಯಾಕೋ?”

“ಎದುರಾಳಿ ಅನ್ನೋನು ಟಿಕೆಟ್ ತಗೊಳ್ಳೋ ಜನಕ್ಕೆ ಹುಲಿ ಥರ ಕಾಣ್ಬೇಕು, ಚಾಂಪಿಯನ್‌ಗೆ ಬೆಕ್ಕಿನ ಥರ ಕಾಣ್ಬೇಕು. ನಾಲ್ಕನೇ ಸ್ಥಾನದವನು ಹೋದ ತಿಂಗಳು ಒಂದೇ ಗುದ್ದಿಗೆ ಗೆದ್ದ ನೋಡಿ, ಅವತ್ತಿಂದ ಚಾಂಪಿಯನ್ ಕಡೆಯವರು ಅವನ ಫೋನೇ ಎತ್ತಿಲ್ಲ.”

“ಹಾಗಾದ್ರೆ ಸೋತುಬಿಡ್ಲಾ?”

“ಸೋತ್ರೆ ಪಟ್ಟಿಯಿಂದ ಕೆಳಗೆ ಬೀಳ್ತೀರಿ. ಗೆಲ್ಲಬೇಕು ಭಾವ. ಆದ್ರೆ ಚೆನ್ನಾಗಿ ಗೆಲ್ಲಬಾರದು. ಏದುಸಿರು ಬಿಡ್ತಾ, ಒದ್ದಾಡ್ತಾ, ಕೂದಲೆಳೆಯಷ್ಟರಲ್ಲಿ ಗೆಲ್ಲಬೇಕು.”

ಬಂಡೆ ಫೋನಿಟ್ಟು ಅಂಗೈಯ ಮೊಟ್ಟೆ ಒರೆಸಿಕೊಂಡ. ಗೆಲ್ಲುವುದು ಗೊತ್ತಿತ್ತು, ಸೋಲುವುದೂ ಗೊತ್ತಿತ್ತು. ಇದು ಯಾವುದೋ ಮೂರನೆಯ ವಿದ್ಯೆ. ಹದಿನಾರು ವರ್ಷದಲ್ಲಿ ಯಾರೂ ಕಲಿಸಿರಲಿಲ್ಲ.

ಹೆಂಡತಿ ವಿಷಯ ಕೇಳಿ, “ರೀ, ನೀವು ನೀವಾಗಿರಿ ಸಾಕು” ಎಂದಳು. ಇದು ಹೊಗಳಿಕೆಯೋ ಬೈಗುಳವೋ ಬಂಡೆಗೆ ತಿಳಿಯಲಿಲ್ಲ. ಒಳಗಿನಿಂದ ಅತ್ತೆ ಆ ಅನುಮಾನ ತೀರಿಸಿದರು. “ಅಳಿಯಂದಿರು ಯಾಕೆ ಅಷ್ಟು ಹೆದರ್ತಾರೆ? ಮನೆಕೆಲಸ ಮಾಡೋ ಥರ ಮಾಡಿದ್ರೆ ಆಯ್ತು. ಅದಕ್ಕಿಂತ ಕೆಟ್ಟದಾಗಿ ಯಾರಿಗೆ ಮಾಡೋಕಾಗುತ್ತೆ?”

ಆ ಕಟ್ಟಡದ ಗೋಡೆಗಳು ಕಾಗದದಷ್ಟು ತೆಳುವು. ಕೆಳಗಿನ ಮನೆಯಲ್ಲಿ ಗಡಿಯಾರ ರಿಪೇರಿ ಮಾಡುವ ತಾತ ಎಲ್ಲವನ್ನೂ ಕೇಳಿಸಿಕೊಂಡು, ಭೂತಗಾಜನ್ನು ಹಣೆಗೇರಿಸಿಕೊಂಡೇ ಮೆಟ್ಟಿಲು ಹತ್ತಿ ಬಂದರು.

“ಮಗಾ, ದಣಿದವನ ಹಾಗೆ ನಟಿಸಿದ್ರೆ ಸಿಕ್ಕಿಬೀಳ್ತೀಯ. ನಿಜವಾಗ್ಲೂ ದಣಿದುಬಿಡು.”

“ಹೇಗೆ ತಾತ?”

“ನನ್ನ ಕಬ್ಬಿಣದ ಬೀರು ಕೆಳಗಿಂದ ಮಹಡಿಗೆ ಹೋಗಬೇಕು ಅಂತ ಮೂರು ವರ್ಷದಿಂದ ಕಾಯ್ತಿದೆ.”

ಬಂಡೆ ಬೀರುವನ್ನು ತಬ್ಬಿಕೊಂಡು ಮೂರು ಮಹಡಿ ಹತ್ತಿದ. ಎರಡನೆಯ ಮಹಡಿಯಲ್ಲಿ ಸೊಂಟ ಕಟಕ್ ಎಂದಿತು. ಮೇಲೆ ಹೋದ ಮೇಲೆ ತಾತ ಸುತ್ತಲೂ ನೋಡಿ, “ಇಲ್ಲಿ ಬೆಳಕು ಸಾಲದು, ಮೊದಲಿದ್ದ ಜಾಗವೇ ವಾಸಿ” ಎಂದರು. ಬಂಡೆ ತಿರುಗಿ ಇಳಿಸಿದ. ಸೊಂಟ ಇನ್ನೊಂದು ಮಾತಾಡಿತು.

ಮಧ್ಯಾಹ್ನ ಭಾಮೈದ ಬಂದು ಅವನನ್ನು ಬೀದಿ ಮೂಲೆಯ ಕ್ಷೌರದಂಗಡಿಗೆ ಎಳೆದುಕೊಂಡು ಹೋದ.

“ಇವರಿಗೆ ಐದು ವರ್ಷ ಜಾಸ್ತಿ ಕಾಣೋ ಹಾಗೆ ಮಾಡಿ” ಎಂದ ಕ್ಷೌರಿಕನಿಗೆ.

ಮೂವತ್ತು ವರ್ಷದಿಂದ ಜನರನ್ನು ಚಿಕ್ಕವರನ್ನಾಗಿ ಮಾಡಿ ಬೇಸತ್ತಿದ್ದ ಕ್ಷೌರಿಕನಿಗೆ ಇಂಥ ಅವಕಾಶ ಎಂದೂ ಬಂದಿರಲಿಲ್ಲ. ಅವನು ಕೈ ಉಜ್ಜಿಕೊಂಡು, ಬಂಡೆಯ ಕೆನ್ನೆಗೂದಲಿಗೆ ಬಿಳಿ ಪೌಡರು ಬಡಿದ, ಹುಬ್ಬಿಗೂ ಬಡಿದ, ಗಡ್ಡದ ಮೇಲೆ ಉದುರಿಸಿದ. ದೂರ ನಿಂತು ನೋಡಿ, “ಐದು ಅಂದ್ರಿ, ಕೈ ಸ್ವಲ್ಪ ಮುಂದೆ ಹೋಗಿ ಹದಿನೈದಾಯ್ತು” ಎಂದ. ಕನ್ನಡಿಯಲ್ಲಿ ಬಂಡೆಗೆ ತೀರಿಹೋದ ಅವನ ಅಪ್ಪ ಕಾಣಿಸಿದರು. ಅವರೂ ಗಾಬರಿಯಾಗಿದ್ದರು.

ಆಟ ನಡೆಯುವುದು ಹಳೆಯ ಗೋದಾಮಿನಲ್ಲಿ. ಅಲ್ಲಿಗೆ ಕಾಲಿಟ್ಟೊಡನೆ ಮುಂದಿನ ಸುದ್ದಿ ಕಾದಿತ್ತು. ಇವತ್ತು ಆಡಬೇಕಿದ್ದ ಎದುರಾಳಿ ದವಡೆ ಊದಿಕೊಂಡು ಬಾಯಿ ತೆರೆಯಲಾಗದೆ ಮನೆಗೆ ಹೋಗಿದ್ದ. ಅವನ ಬದಲಿಗೆ ಬಂದವನು ಮೂಟೆ.

ಮೂಟೆ ಹಗಲು ಬೇಕರಿಯಲ್ಲಿ ಹಿಟ್ಟಿನ ಚೀಲ ಹೊರುತ್ತಿದ್ದ. ಅದೇ ಅವನಿಗೆ ಹೆಸರಾಗಿತ್ತು. ನಲವತ್ತಮೂರು ಆಟ ಆಡಿ ನಲವತ್ತೊಂದು ಸೋತಿದ್ದ, ಒಂದು ಸಮ. ಉಳಿದ ಒಂದನ್ನು ಎದುರಾಳಿ ತನ್ನದೇ ಬೂಟಿನ ಬಿಚ್ಚಿದ ಲಾಡಿ ಎಡವಿ ಬಿದ್ದದ್ದರಿಂದ ಗೆದ್ದಿದ್ದ. ಯಾರಿಗೆ ಯಾವಾಗ ಎದುರಾಳಿ ತಪ್ಪಿದರೂ ಮೂಟೆಗೆ ಫೋನು ಹೋಗುತ್ತಿತ್ತು. ಇವತ್ತೂ ಹಾಗೆಯೇ, ಕಿವಿಯಲ್ಲಿ ಹಿಟ್ಟಿಟ್ಟುಕೊಂಡೇ ಓಡಿಬಂದಿದ್ದ.

ಬಂಡೆ ಅವನನ್ನು ಮೇಲಿಂದ ಕೆಳಗೆ ನೋಡಿದ. ಇವನನ್ನು ಹೊಡೆಯುವುದಿರಲಿ, ಜೋರಾಗಿ ಸೀನಿದರೂ ಬೀಳುತ್ತಾನೆ. ಬಿದ್ದರೆ ಬೆಲ್ಟಿನ ಆಟ ಹೋಯಿತು.

ಬಟ್ಟೆ ಬದಲಾಯಿಸುವ ಕೋಣೆಗೆ ಮೂಟೆ ತಾನಾಗಿಯೇ ಬಂದು ಬಾಗಿಲಲ್ಲಿ ನಿಂತ. “ಅಣ್ಣಾ, ಒಂದು ಮಾತು. ಮಾತು ಕೊಡೋದೇನೂ ಬೇಡ, ಕೇಳಿಸ್ಕೊಂಡ್ರೆ ಸಾಕು. ಹತ್ತು ಎಣಿಸೋವರೆಗೆ ಏಳದೆ ಬಿದ್ದಿದ್ರೆ ಅರವತ್ತು ದಿನ ರಿಂಗಿಗೆ ಇಳಿಯೋಹಾಗಿಲ್ಲ ಅಂತ ಡಾಕ್ಟರ ಕಾನೂನು. ನನಗೆ ಮುಂದಿನ ವಾರ ಇನ್ನೊಂದು ಕಡೆ ಆಟ ಇದೆ. ಸೋಲೋದು ನನ್ನ ಕಸುಬು ಅಣ್ಣಾ, ಬೀಳೋದಲ್ಲ.”

ಬಂಡೆಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. “ಕಾಲು ಗಟ್ಟಿಯಾಗಿದೆಯಾ?”

“ಬೆಳಿಗ್ಗೆಯಿಂದ ಎಂಬತ್ತು ಚೀಲ ಹೊತ್ತಿದ್ದೀನಿ. ಸ್ವಲ್ಪ ನಡುಗುತ್ತೆ.”

ಬಂಡೆ ತಕ್ಷಣ ಕುರ್ಚಿ ಎಳೆದು ಅವನನ್ನು ಕೂರಿಸಿದ.

ಗಂಟೆ ಹೊಡೆಯಿತು. ಒಟ್ಟು ಆರು ರೌಂಡು. ಮುಂದಿನ ಸಾಲಿನಲ್ಲಿ ಬೂದು ಕೋಟು ಹಾಕಿಕೊಂಡ ಚಾಂಪಿಯನ್ ಕಡೆಯವರೊಬ್ಬರು ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಕುಳಿತಿದ್ದರು. ಅವರ ಹಿಂದೆಯೇ ಹೆಂಡತಿ, ಅತ್ತೆ, ತಾತ, ಅಂಗಡಿ ಮುಚ್ಚಿ ಬಂದ ಕ್ಷೌರಿಕ. ಸುಮ್ಮನಿರಬೇಕೆಂದು ಎಲ್ಲರಿಗೂ ಹೇಳಲಾಗಿತ್ತು.

ಬಂಡೆ ಮಗುವಿನ ಕೆನ್ನೆ ಸವರುವಂತೆ ಒಂದು ಏಟು ಕೊಟ್ಟ. ಮೂಟೆಯ ಮೊಣಕಾಲು ಮಡಚಿಕೊಂಡಿತು. ಬಂಡೆ ಹಾರಿಹೋಗಿ ಅವನನ್ನು ತಬ್ಬಿಕೊಂಡ.

“ಬೀಳ್ಬೇಡ ಮಾರಾಯ!”

“ಇಲ್ಲಣ್ಣ, ಹಿಡ್ಕೊಂಡಿರಿ, ಸರಿಹೋಗುತ್ತೆ.”

ರೆಫರಿ ಬಿಡಿಸಿದ. ಬಂಡೆ ಮತ್ತೆ ತಬ್ಬಿಕೊಂಡ. ಬೆಳಿಗ್ಗೆ ಬೀರು ಹೊತ್ತ ಅನುಭವ ಇಲ್ಲಿ ಉಪಯೋಗಕ್ಕೆ ಬಂತು. ಜನ ಕೂಗತೊಡಗಿದರು: “ಇದು ಬಾಕ್ಸಿಂಗಾ, ಬೀಳ್ಕೊಡುಗೆಯಾ?” ತಾತನಿಗೆ ತಡೆಯಲಾಗಲಿಲ್ಲ. “ಭೇಷ್ ಮಗಾ! ಇನ್ನೂ ಕೆಟ್ಟದಾಗಿ ಆಡು!” ಎಂದು ಅರಚಿದರು. ಬೂದು ಕೋಟಿನವರು ತಿರುಗಿ ನೋಡಿದರು. ಅತ್ತೆ ತಾತನ ಬಾಯಿಗೆ ಬ್ರೆಡ್ಡಿನ ತುಂಡೊಂದನ್ನು ತುರುಕಿದರು.

ಮೂರನೆಯ ರೌಂಡಿಗೆ ಬೆವರು ಇಳಿಯಿತು. ಬೆವರಿನ ಜೊತೆ ಹುಬ್ಬಿನ ಪೌಡರೂ ಇಳಿಯಿತು, ನೇರವಾಗಿ ಕಣ್ಣಿಗೆ. ಬಂಡೆಗೆ ಲೋಕವೆಲ್ಲ ಹಾಲಿನಲ್ಲಿ ಮುಳುಗಿದಂತೆ ಕಂಡಿತು. ಆ ಹಾಲಿನೊಳಗಿಂದ ಒಂದು ಗುದ್ದು ಬಂದು ಅವನ ಮೂಗಿನ ಮೇಲೆ ಕೂತಿತು. ಹೊಡೆದ ಮೂಟೆ ತಾನೇ ಬೆಚ್ಚಿ, “ಕ್ಷಮಿಸಿ ಅಣ್ಣಾ, ನೀವು ತಪ್ಪಿಸ್ಕೋತೀರ ಅಂದ್ಕೊಂಡೆ” ಎಂದ.

ಜನಕ್ಕೆ ಆ ಮಾತು ಕೇಳಿಸಲಿಲ್ಲ, ಮೂಗಿನ ರಕ್ತ ಕಾಣಿಸಿತು. ನಲವತ್ತೊಂದು ಸಲ ಸೋತವನು ಬಂಡೆಯನ್ನು ಒಡೆಯುತ್ತಿದ್ದಾನೆ! ಗೋದಾಮಿನ ತಗಡು ಸೂರು ನಡುಗುವಂತೆ “ಮೂಟೆ! ಮೂಟೆ!” ಎಂದು ಕೂಗೆದ್ದಿತು. ಹುಟ್ಟಿದಾಗಿನಿಂದ ತನ್ನ ಹೆಸರನ್ನು ಇಷ್ಟು ಜನ ಕೂಗಿದ್ದು ಕೇಳದ ಮೂಟೆಗೆ ಮೈಯಲ್ಲಿ ಎಂಟು ಚೀಲದ ಬಲ ಬಂತು. ಹೊಡೆದ, ಮತ್ತೂ ಹೊಡೆದ. ಕ್ಷೌರಿಕನೂ ಪಕ್ಷ ಬದಲಾಯಿಸಿ “ಮೂಟೆ!” ಎಂದು ಕುಣಿದ.

ಐದನೆಯ ರೌಂಡು ಮುಗಿದು ಮೂಲೆಗೆ ಬಂದಾಗ ಭಾಮೈದ ಬೆವರುತ್ತಿದ್ದ. “ಭಾವ, ಅದ್ಭುತವಾಗಿ ಹಾಳು ಮಾಡಿದ್ದೀರಿ. ಆದ್ರೆ ಸ್ವಲ್ಪ ಜಾಸ್ತಿ ಆಯ್ತು. ಈಗ ಇಬ್ಬರೂ ಸಮ ಇದ್ದೀರಿ.”

“ಅವನು ಕಾಣ್ತಿಲ್ಲ ಕಣೋ!”

“ಜನ ಎಲ್ಲಿ ಕೂಗ್ತಾರೋ ಆ ಕಡೆ ಹೊಡೀರಿ.”

ಕೊನೆಯ ರೌಂಡು ಬಂಡೆಯ ಬದುಕಿನ ಅತಿ ಉದ್ದದ ಮೂರು ನಿಮಿಷ. ಜೋರಾಗಿ ಹೊಡೆದರೆ ಮೂಟೆ ಬಿದ್ದು ಎಲ್ಲ ಕೆಟ್ಟಿತು. ಹೊಡೆಯದಿದ್ದರೆ ಸೋತು ಎಲ್ಲ ಕೆಟ್ಟಿತು. ಸೊಂಟ ಸೆಳೆಯುತ್ತಿತ್ತು. ಗಂಟೆಗೆ ಹತ್ತು ಸೆಕೆಂಡಿರುವಾಗ ಮಂಜಿನೊಳಗೆ ಹಿಟ್ಟಿನ ಕಿವಿಯೊಂದು ಕಂಡಿತು. ಬಂಡೆ ಮೊಟ್ಟೆ ಒಡೆಯದಂತೆ ತಟ್ಟುವ ಹದದಲ್ಲಿ ಒಂದು, ಇನ್ನೊಂದು, ಮತ್ತೊಂದು ಕೊಟ್ಟ. ಮೂಟೆ ತೂಗಾಡಿದ, ಹಗ್ಗ ಹಿಡಿದ, ನಿಂತೇ ಉಳಿದ. ಗಂಟೆ ಹೊಡೆಯಿತು.

ಒಂದೇ ಒಂದು ಪಾಯಿಂಟಿನಲ್ಲಿ ಗೆಲುವು ಬಂಡೆಯದು. ರೆಫರಿ ಅವನ ಕೈ ಎತ್ತಿದಾಗ ಜನ ಅವನತ್ತ ಖಾಲಿ ಬಾಟಲಿ ಎಸೆದರು. ಒಂದು ಭುಜಕ್ಕೆ ತಗುಲಿತು. ಬಂಡೆಗೆ ಅದು ಹೂವಿನಂತೆ ಹಿತವಾಗಿತ್ತು. ಕೂದಲೆಳೆಯಷ್ಟು ಎಂದಿದ್ದನಲ್ಲ ಭಾಮೈದ, ಕೂದಲನ್ನೂ ಸೀಳಿ ಗೆದ್ದಿದ್ದ.

ಕೋಣೆಯಲ್ಲಿ ಮೂಗಿಗೆ ಮಂಜುಗಡ್ಡೆ ಒತ್ತಿಕೊಂಡು ಕುಳಿತಿದ್ದಾಗ ಬೂದು ಕೋಟಿನವರು ಒಳಗೆ ಬಂದರು. ಕೈಯಲ್ಲಿ ಕರಾರುಪತ್ರ, ಪೆನ್ನು. ಭಾಮೈದ ಕುರ್ಚಿ ಒರೆಸಿದ. ಹೆಂಡತಿ ಬಾಗಿಲ ಬಳಿ ಬಂದು ನಿಂತಳು.

“ಒಳ್ಳೇ ಆಟ” ಎಂದರು ಅವರು. “ಮೂಟೆ ಎಲ್ಲಿದ್ದಾರೆ?”

“ಮೂಟೆ ಯಾಕೆ ಸಾರ್?” ಎಂದ ಭಾಮೈದ.

“ಬೆಲ್ಟಿನ ಆಟಕ್ಕೆ ಅವರನ್ನ ಆರಿಸಿದ್ದೀವಿ.”

ಮಂಜುಗಡ್ಡೆ ಬಂಡೆಯ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

“ಸಾರ್, ಗೆದ್ದಿದ್ದು ನಮ್ಮ ಭಾವ! ಮೂಟೆ ಪಟ್ಟಿಯಲ್ಲೇ ಇಲ್ಲ!”

“ಪಟ್ಟಿಯವರ ಜೊತೆ ವರ್ಷಕ್ಕೊಂದು ಆಟ ಆಡಲೇಬೇಕು ಅಂತ ನಿಯಮ. ಅದು ಮುಗೀತು. ಈ ಸಲ ನಮ್ಮಿಷ್ಟ.” ಬೂದು ಕೋಟಿನವರು ತಾಳ್ಮೆಯಿಂದ ಬಂಡೆಯತ್ತ ತಿರುಗಿದರು. “ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮನ್ನೇ ಆರಿಸೋಣ ಅಂತ ಬಂದಿದ್ದೆ. ಆದ್ರೆ ಸಂಜೆಯೆಲ್ಲ ಜನ ಯಾರ ಹೆಸರು ಕೂಗಿದ್ರು? ಟಿಕೆಟ್ ಆ ಹೆಸರಿಗೆ ಹೋಗುತ್ತೆ. ಇನ್ನು ನಮ್ಮ ಚಾಂಪಿಯನ್‌ಗೆ ಅಪಾಯ ಇದೆಯಾ ಅಂದ್ರೆ...” ಅವರು ಸ್ವಲ್ಪ ಸಂಕೋಚಪಟ್ಟರು. “ನಿಮ್ಮಂಥವರ ಕೈಲಿ ಸೋತವನು ನಮ್ಮವನನ್ನ ಏನು ತಾನೇ ಮಾಡ್ತಾನೆ?”

“ನಮ್ಮ ಭಾವ ಅವನಿಗಿಂತ ದುರ್ಬಲ ಸಾರ್!” ಭಾಮೈದ ಅಂಗಲಾಚಿದ. “ಸೊಂಟ ಹಿಡಿದಿದೆ, ಕಣ್ಣು ಕಾಣಲ್ಲ, ಮನೇಲಿ ಜಿರಲೆಗೂ ಹೆದರ್ತಾರೆ! ಅಕ್ಕನ್ನ ಬೇಕಾದ್ರೆ ಕೇಳಿ!”

ಹೆಂಡತಿ ಗಂಡನ ಮುಖ ನೋಡಿದಳು. ಮದುವೆಯಾದಾಗಿನಿಂದ ಮೊದಲ ಸಲ ಅವಳ ಬಾಯಿಂದ ಒಂದು ಸುಳ್ಳು ಬಂತು. “ಇಲ್ಲಪ್ಪ, ಇವರು ಯಾವುದಕ್ಕೂ ಹೆದರಲ್ಲ.”

“ನೋಡಿದ್ರಾ?” ಎಂದು ಬೂದು ಕೋಟಿನವರು ಹೊರಟುಹೋದರು.

ಸ್ವಲ್ಪ ಹೊತ್ತಿಗೆ ಮೂಟೆ ಓಡಿಬಂದ. ಕಣ್ಣಲ್ಲಿ ನೀರು, ಕೈಯಲ್ಲಿ ಸಹಿಯಾದ ಕರಾರು. ಬಂಡೆಯ ಎರಡೂ ಕೈ ಹಿಡಿದುಕೊಂಡು, “ಅಣ್ಣಾ, ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ. ನೀವು ಬೀಳಿಸಿಬಿಟ್ಟಿದ್ರೆ ನಾನು ಇವತ್ತು ಏನಾಗ್ತಿದ್ದೆ!” ಎಂದ.

ಬಂಡೆ ಕಷ್ಟಪಟ್ಟು ನಕ್ಕ. “ಒಳ್ಳೇದಾಗ್ಲಿ ಕಣಪ್ಪ.”

“ಇನ್ನೊಂದೇ ಉಪಕಾರ ಅಣ್ಣಾ. ಚಾಂಪಿಯನ್ ಎದುರು ನಿಲ್ಲೋ ಮುಂಚೆ ಎರಡು ತಿಂಗಳು ಏಟು ತಿಂದು ಅಭ್ಯಾಸ ಮಾಡ್ಕೋಬೇಕಂತೆ. ನಿಮಗೆ ಈ ಲೈನಲ್ಲಿ ಎಲ್ಲರೂ ಗೊತ್ತಲ್ಲ...” ಮೂಟೆ ದನಿ ತಗ್ಗಿಸಿದ. “ಗಟ್ಟಿಯಾಗಿ ಹೊಡೆಯೋರು ಯಾರಾದ್ರೂ ಇದ್ರೆ ಹೇಳ್ತೀರಾ?”